ಹರ್ಷಲ್ ಟಿಡ್ವೆಲನ ಆರು ಗಾಳದ ಕೋಲುಗಳು

ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಕೆಳಗಿಟ್ಟು ಇತ್ತ ಕಿವಿಗೊಡಿ. ನಾನು ಹೇಳಹೊರಟಿರುವುದು ದೊಡ್ಡ ಮನುಷ್ಯನೊಬ್ಬನ ಚರಿತ್ರೆಯಲ್ಲ. ಟೆನೆಸೀ ಸೀಮೆಯ ಸಿಕಮೋರ್ ಜಲಾಶಯದ ದಂಡೆಯ ಮೇಲಿರುವ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ, ಕಿಟಕಿಯ ಪಕ್ಕದ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಹರ್ಷಲ್ ಟಿಡ್ವೆಲ್ ಎಂಬವನ ಸಂಗತಿ. ಅವನು ಆಸ್ತಿ ಕೂಡಿಸಿದವನಲ್ಲ, ವೇದಿಕೆ ಹತ್ತಿ ಮಾತಾಡಿದವನಲ್ಲ. ಆದರೂ ನಾನು ಪ್ರಾರ್ಥನೆಗೆ ಮೊಣಕಾಲೂರಿದಾಗಲೆಲ್ಲ ಮನಸ್ಸಿಗೆ ಬರುವ ಮುಖಗಳಲ್ಲಿ ಅವನದೂ ಒಂದು. ಏಕೆಂಬುದು ಕಥೆ ಮುಗಿಯುವಷ್ಟರಲ್ಲಿ ನಿಮಗೇ ತಿಳಿದೀತು.

ಹರ್ಷಲನು ನಮ್ಮೂರಿನ ಕಾಲುಚೀಲದ ಗಿರಣಿಯಲ್ಲಿ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದವನು. ಕಾಲುಚೀಲ ಹೆಣೆಯುವ ಯಂತ್ರದ ಸುತ್ತ ಸೂಜಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳಲ್ಲಿ ಒಂದರ ಕೊಕ್ಕೆ ಬಾಗಿದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಆ ಒಂದನ್ನು ಅವನು ಕಣ್ಣಿನಿಂದ ಹುಡುಕುತ್ತಿರಲಿಲ್ಲ. ಬೆರಳ ತುದಿಯನ್ನು ಸಾಲಿನ ಮೇಲೆ ಮೆಲ್ಲಗೆ ಆಡಿಸಿ ಹಿಡಿಯುತ್ತಿದ್ದ. ಕೆಲಸದಿಂದ ನಿವೃತ್ತನಾದ ಮೇಲೂ ಊರಿನವರು ನಿಂತುಹೋದ ಗಡಿಯಾರ, ತಿರುಪು ಬಿದ್ದ ಕನ್ನಡಕಗಳನ್ನು ಅವನ ಮನೆಗೆ ತರುತ್ತಿದ್ದರು. ಹರ್ಷಲನ ಕೈ ಎಂದರೆ ನಮ್ಮಲ್ಲಿ ಒಂದು ಮಾತಾಗಿತ್ತು. ಮಾತಿನಲ್ಲಿ ಹಿಂದುಳಿದ ಆ ಮನುಷ್ಯನಿಗೂ ತನ್ನ ಕೈಯ ಬಗ್ಗೆ ಸದ್ದಿಲ್ಲದ ಒಂದು ಅಭಿಮಾನವಿತ್ತು.

ಅವನ ಜೊತೆಗಾರ ಡ್ವೈಟ್ ಕೇಗಲ್. ಶಾಲೆಯ ಬಸ್ಸು ನಡೆಸುತ್ತಿದ್ದವನು. ದಪ್ಪ ಕಂಠ, ದೊಡ್ಡ ನಗೆ. ಇವರಿಬ್ಬರೂ ಮೀಸೆ ಚಿಗುರುವ ಮೊದಲಿನಿಂದ ಸಿಕಮೋರ್ ನೀರಿನಲ್ಲಿ ಬಾಸ್ ಮೀನು ಹಿಡಿದವರು. ದೋಣಿ ಡ್ವೈಟನದು. ಮುಂದೆ ನಿಂತು ದೋಣಿ ನಡೆಸುವುದು ಅವನ ಕೆಲಸ. ಹಿಂದಿನ ಕುರ್ಚಿ ಹರ್ಷಲನದು. ಪ್ರತಿ ಶನಿವಾರ ಬೆಳಕು ಹರಿಯುವಾಗ ಆ ಕುರ್ಚಿಯಲ್ಲಿ ಕೂರುವುದಕ್ಕಾಗಿಯೇ ಹರ್ಷಲನು ಉಳಿದ ವಾರವನ್ನು ದಾಟುತ್ತಿದ್ದನೆಂದರೆ ಹೆಚ್ಚಾಗದು. ಆ ಕುರ್ಚಿ ಅವನಿಗೆ ಉಳಿಯಿತೇ, ಕೈತಪ್ಪಿತೇ ಎಂಬುದೇ ನಾನು ಹೇಳುವ ವಿಷಯ.

ಎಲೆ ಉದುರುವ ಕಾಲ ಬಂದಿತೆಂದರೆ ನಮ್ಮ ನೀರಿನಲ್ಲಿ ಎಲ್ಲವೂ ಸ್ಥಳ ಬದಲಾಯಿಸುತ್ತದೆ. ಬೇಸಿಗೆಯಲ್ಲಿ ಆಳದಲ್ಲಿದ್ದ ಶ್ಯಾಡ್ ಎಂಬ ಬೆಳ್ಳಿಬಣ್ಣದ ಪುಟ್ಟ ಮೀನುಗಳು ನೀರು ತಣ್ಣಗಾಗುತ್ತಲೇ ಹಿಂಡುಹಿಂಡಾಗಿ ಹಿನ್ನೀರಿನ ಹಳ್ಳಗಳ ಕಡೆಗೆ ಹೊರಡುತ್ತವೆ. ಅವನ್ನು ತಿನ್ನುವ ಬಾಸ್ ಹಿಂದೆಯೇ ಹೊರಡುತ್ತದೆ. ಇಂದು ಇದ್ದ ಕಡೆ ನಾಳೆ ಇರುವುದಿಲ್ಲ; ಬೆಳಿಗ್ಗೆ ಬಾಯಿಹಾಕಿದ್ದನ್ನು ಮಧ್ಯಾಹ್ನ ಮೂಸಿಯೂ ನೋಡುವುದಿಲ್ಲ. ಜೀವಂತ ಹುಳುವನ್ನು ಗಾಳಕ್ಕೆ ಚುಚ್ಚುವ ಪದ್ಧತಿ ನಮ್ಮಲ್ಲಿ ಮಕ್ಕಳದು. ದೊಡ್ಡವರು ಕಟ್ಟುವುದು ಮರ, ರಬ್ಬರು, ತಗಡುಗಳಿಂದ ಮಾಡಿದ ಹುಸಿ ಎರೆಯನ್ನು. ಅಂಥ ಎರೆಗಳು ದೋಣಿ ಇಳಿಸುವ ಜಾಗದಲ್ಲಿರುವ ಮೋಝೆಲಳ ಅಂಗಡಿಯ ಗೋಡೆಯ ತುಂಬ ಬಣ್ಣಬಣ್ಣವಾಗಿ ತೂಗುತ್ತವೆ. ಎಲೆ ಉದುರುವ ಕಾಲದಲ್ಲಿ ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದೇ ನಮ್ಮೂರ ಗಂಡಸರ ತಲೆಬಿಸಿ.

ಹರ್ಷಲನು ಗೋಡೆಯನ್ನು ನೋಡಿ ಆರಿಸುತ್ತಿರಲಿಲ್ಲ.

"ಗೋಡೆ ನೋಡ್ಕೊಂಡು ಎರೆ ತಗೊಂಡ್ರೆ ಮೋಝೆಲ್ ಬದುಕ್ತಾಳೆ, ಮೀನೂ ಬದುಕುತ್ತೆ," ಎಂದು ಒಮ್ಮೆ ಅವಳ ಎದುರಿಗೇ ಹೇಳಿ, ಕಾಫಿಗೆ ಎರಡರಷ್ಟು ಕೊಡಬೇಕೆಂದು ಅವಳಿಂದ ಅನ್ನಿಸಿಕೊಂಡಿದ್ದ.

ಮೊದಲು ಅವನು ನೀರನ್ನು ನೋಡುತ್ತಿದ್ದ: ತಿಳಿಯಾಗಿದೆಯೇ, ಕದಡಿದೆಯೇ, ಗಾಳಿ ಯಾವ ದಂಡೆಯನ್ನು ಹೊಡೆಯುತ್ತಿದೆ, ಕೊಕ್ಕರೆಗಳು ಎಲ್ಲಿ ನಿಂತಿವೆ. ದಿನದ ಮೊದಲ ಬಾಸ್ ದೋಣಿಗೆ ಬಂದೊಡನೆ ಅದು ಕಕ್ಕಿದ ಶ್ಯಾಡ್ ಮರಿಯನ್ನು ಎತ್ತಿ ಎಡ ಅಂಗೈಯಲ್ಲಿ ಇಟ್ಟುಕೊಳ್ಳುವನು. ಪಕ್ಕದಲ್ಲಿ ಒಂದೊಂದೇ ಎರೆಯನ್ನು ಇಟ್ಟು ಉದ್ದಕ್ಕೆ ಉದ್ದ, ಬೆನ್ನಿಗೆ ಬೆನ್ನು ಹೋಲಿಸಿ ನೋಡುವನು. ಬಣ್ಣಕ್ಕಿಂತ ಗಾತ್ರ ಮುಖ್ಯ ಎಂಬುದು ಅವನ ನಿಲುವು. ಸೆಪ್ಟೆಂಬರಿನಲ್ಲಿ ಶ್ಯಾಡ್ ಮರಿ ಉಗುರಿನಷ್ಟಿರುತ್ತದೆ, ನವೆಂಬರಿಗೆ ಬೆರಳಿನಷ್ಟಾಗುತ್ತದೆ. ಎರೆಯೂ ಅದರೊಡನೆ ಬೆಳೆಯಬೇಕು. ಹೀಗಾಗಿ ಒಂದು ಬೆಳಗಿನಲ್ಲಿ ಹತ್ತಾರು ಸಲ ಎರೆ ಬಿಚ್ಚಿ ಎರೆ ಕಟ್ಟುವುದು ಅವನಿಗೆ ಉಸಿರಾಟದಷ್ಟು ಸಹಜವಾಗಿತ್ತು.

ನಮ್ಮ ದೋಣಿಗಳಲ್ಲಿ ಎರಡು ವಾಡಿಕೆಗಳಿವೆ. ಅವನ್ನು ನೀವು ತಿಳಿದಿರಬೇಕು. ಒಂದು, ತನ್ನ ಗಂಟನ್ನು ತಾನೇ ಕಟ್ಟಬೇಕು. ದಾರ ಕಳಚಿ ಮೀನು ತಪ್ಪಿಸಿಕೊಂಡರೆ ಆ ತಪ್ಪು ಇನ್ನೊಬ್ಬನ ತಲೆಗೆ ಹೋಗಬಾರದು. ಇನ್ನೊಂದು, ಬೆಳಿಗ್ಗೆ ಇಬ್ಬರೂ ಬೇರೆಬೇರೆ ಎರೆಯಿಂದ ಶುರುಮಾಡಬೇಕು. ಒಬ್ಬನ ಎರೆಗೆ ಮೇಲಿಂದ ಮೇಲೆ ಎರಡು ಮೀನು ಬಿದ್ದರೆ ಮತ್ತೊಬ್ಬನು ತನ್ನದನ್ನು ಬಿಚ್ಚಿ ಅಂಥದ್ದನ್ನೇ ಕಟ್ಟಬೇಕು. ಬಾಯಿಬಿಟ್ಟು ಯಾರೂ ಇದನ್ನು ಹೇಳುವುದಿಲ್ಲ. ಆದರೆ ಬದಲಾಯಿಸದೆ ಕುಳಿತವನು, ನಿನಗೆ ಬಿದ್ದದ್ದು ಅದೃಷ್ಟದಿಂದ, ತಿಳುವಳಿಕೆಯಿಂದಲ್ಲ ಎಂದು ಜೊತೆಗಾರನ ಮುಖಕ್ಕೆ ಹೇಳಿದಂತೆಯೇ ಲೆಕ್ಕ. ಆ ಕಾರಣಕ್ಕೆ ಮುರಿದುಬಿದ್ದ ಸ್ನೇಹಗಳನ್ನು ನಾನು ಬಲ್ಲೆ.

ಹರ್ಷಲನ ಬಲಗೈ ನಡುಗತೊಡಗಿದ್ದು ಒಂದು ಚಳಿಗಾಲದಲ್ಲಿ. ಮೊದಲು ಹೆಬ್ಬೆರಳು, ಬಳಿಕ ಇಡೀ ಕೈ. ಚಳಿಯೆಂದು ಅವನು ಕೈಯನ್ನು ಜೇಬಿನಲ್ಲಿಟ್ಟ. ವಸಂತ ಬಂದಿತು, ಕೈ ಮಾತ್ರ ಜೇಬಿನಲ್ಲೇ ಉಳಿಯಿತು. ನಮ್ಮ ಸಭೆಯಲ್ಲಿ ಕರ್ತನ ಭೋಜನದ ದಿನ ದ್ರಾಕ್ಷಾರಸದ ಪುಟ್ಟ ಲೋಟಗಳ ತಟ್ಟೆಯನ್ನು ಬೆಂಚಿನಿಂದ ಬೆಂಚಿಗೆ ಒಯ್ಯುವವರಲ್ಲಿ ಅವನೂ ಒಬ್ಬ. ಒಂದು ಭಾನುವಾರ ಅವನು, ಇನ್ನು ಮುಂದೆ ಆ ಸೇವೆಯನ್ನು ಚಿಕ್ಕವರು ಮಾಡಲಿ, ನಾನು ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುತ್ತೇನೆ ಎಂದ. ಸಭೆಯವರು ಅದನ್ನು ವಿನಯವೆಂದುಕೊಂಡು ಮೆಚ್ಚಿದರು. ವೈದ್ಯರು ನೋಡಿ ಗುಳಿಗೆ ಕೊಟ್ಟಿದ್ದರು. ಇದು ನಿಧಾನವಾಗಿ ಬರುವಂಥದ್ದು, ಬಂದ ಮೇಲೆ ಹೋಗುವಂಥದ್ದಲ್ಲ ಎಂದಿದ್ದರು. ಇದೆಲ್ಲ ಗೊತ್ತಿದ್ದವಳು ಅವನ ಹೆಂಡತಿ ವರ್ಲೀನ್ ಒಬ್ಬಳೇ.

ಡ್ವೈಟನಿಂದ ಅವನು ಮುಚ್ಚಿಡಲು ಕಾರಣವಿತ್ತು. ಲಾನಿ ಎಂಬ ನಮ್ಮ ಹಳೆಯ ಮೀನುಗಾರನೊಬ್ಬನಿಗೆ ಸೊಂಟ ಬಿದ್ದುಹೋಗಿ ದೋಣಿ ಹತ್ತಲಾಗದೆ ಇದ್ದಾಗ, ಮೋಝೆಲಳ ಅಂಗಡಿಯಲ್ಲಿ ಡ್ವೈಟನು ಒಂದು ಮಾತಾಡಿದ್ದ: "ಇನ್ನು ಲಾನಿ ದಂಡೇಲಿ ಕೂತ್ಕೊಂಡು ಮೀನಿನ ಬಕೆಟ್ ಕಾಯೋದಕ್ಕೇ ಸರಿ." ಅಲ್ಲಿದ್ದವರೆಲ್ಲ ನಕ್ಕಿದ್ದರು. ಆ ಮಾತು ಹರ್ಷಲನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಕೈ ಸೋತವನಿಗೆ ಡ್ವೈಟನ ದೋಣಿಯಲ್ಲಿ ಜಾಗವಿಲ್ಲವೆಂದು ಅವನು ಅದರಿಂದ ತೀರ್ಮಾನಿಸಿಬಿಟ್ಟಿದ್ದ.

ಎರೆಯನ್ನು ದೂರ ಎಸೆಯಲು ತೋಳು ಸಾಕು. ತೋಳು ಗಟ್ಟಿಯಾಗಿಯೇ ಇತ್ತು. ಆಗದೇ ಹೋದದ್ದು ಗಂಟು. ಎರೆಯ ಮೂತಿಯಲ್ಲಿರುವ ಎಳ್ಳಿನಷ್ಟು ಬಳೆಯೊಳಗೆ ಕೂದಲಿನಂಥ ದಾರವನ್ನು ತೂರಿಸಿ, ಸುತ್ತಿ, ಬಿಗಿಯುವುದು ಅವನ ಬಲಗೈಗೆ ಅಸಾಧ್ಯವಾಯಿತು. ಆಗ ವರ್ಲೀನಳು ಒಂದು ಉಪಾಯ ಕಂಡುಕೊಂಡಳು. ಆಕೆ ಚಿಂದಿಬಟ್ಟೆ ಜೋಡಿಸಿ ಕೌದಿ ಹೊಲಿಯುವವಳು, ಬೆರಳು ಚುರುಕು. ಶುಕ್ರವಾರ ಸಂಜೆ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡಿನ ಊಟ ಮುಗಿಸಿ ಅಡುಗೆಮನೆಯ ಮೇಜನ್ನು ಒರೆಸಿ, ಆರು ಗಾಳದ ಕೋಲುಗಳಿಗೆ ಆರು ಎರೆಗಳನ್ನು ಕಟ್ಟಿಕೊಡುವಳು. ನೀರಿನ ಮೇಲೆ ಅವನು ಎರೆ ಬದಲಾಯಿಸಬೇಕಾಗಿಲ್ಲ. ಕೋಲು ಬದಲಾಯಿಸಿದರೆ ಆಯಿತು.

ಇದರಿಂದ ಎರೆಯ ಆಯ್ಕೆ ಬೇರೆಯೇ ಕೆಲಸವಾಯಿತು. ಮೊದಲೆಲ್ಲ ನೀರು ಕೇಳಿದ್ದನ್ನು ಅಲ್ಲಿಯೇ ಕೊಡುತ್ತಿದ್ದವನು ಈಗ ನಾಳೆ ನೀರು ಏನು ಕೇಳೀತೆಂದು ಇಂದೇ ಊಹಿಸಬೇಕಾಯಿತು. ಶುಕ್ರವಾರ ಮಧ್ಯಾಹ್ನ ಅವನು ಸೇತುವೆಯ ಮೇಲೆ ನಿಂತು ನೀರನ್ನು ದಿಟ್ಟಿಸುವುದನ್ನು ಊರೆಲ್ಲ ಕಂಡಿದೆ. ಮನೆಗೆ ಬಂದು, ಮಂಜು ಕವಿದ ಬೆಳಗಿಗೆಂದು ನೀರ ಮೇಲೆ ಅಂಕುಡೊಂಕಾಗಿ ನಡೆಯುವ ಮರದ ಎರೆಯೊಂದನ್ನು ಆರಿಸುವನು. ಗಾಳಿ ಎದ್ದರೆ ಬೇಕಾಗುವುದು ಬಿಳಿ ಕುಚ್ಚಿನ, ತಗಡು ಗಿರ್ರನೆ ತಿರುಗುವ ಎರೆ. ಬೆಳ್ಳಿಮೈಯ, ಕರಿಬೆನ್ನಿನ ಮುಳುಗುವ ಎರೆಯನ್ನು ಬಿಡುವಂತೆಯೇ ಇರಲಿಲ್ಲ. ನೀರು ಕದಡಿದ್ದರೆ ಅದರದೇ ತಮ್ಮನಾದ ಹಳದಿಯದು. ಮೀನು ಆಳಕ್ಕಿಳಿದರೆಂದು ಚಮಚದ ಹಾಗೆ ಕಾಣುವ ತಗಡಿನದೊಂದು, ಬಿದ್ದ ಮರಗಳ ಸಂದಿಗೆಂದು ರಬ್ಬರಿನದೊಂದು. ಆರನೆಯದಕ್ಕೆ ಬಂದಾಗ ಅವನ ಮುಖ ಗಂಟಿಕ್ಕುತ್ತಿತ್ತಂತೆ. ಏಳನೆಯದು ಬೇಕಾದೀತೇನೋ ಎಂಬ ಭಯ.

ಸೆಪ್ಟೆಂಬರ್ ಪೂರ್ತಿ ಈ ಉಪಾಯ ನಡೆಯಿತು. ಡ್ವೈಟನಿಗೆ ನಗುವುದಕ್ಕೊಂದು ವಿಷಯ ಸಿಕ್ಕಿತು.

"ಏನೋ ಇದು, ಮೋಝೆಲ್ ಅಂಗಡೀನೇ ಹೊತ್ಕೊಂಡು ಬಂದಿದೀಯಾ? ದೋಣಿ ಮುಳುಗಿದ್ರೆ ನೀನು ಈ ಕಟ್ಟಿಗೆ ಹೊರೆ ತಬ್ಕೊಂಡು ತೇಲು. ನಾನು ಈಜ್ತೀನಿ," ಎನ್ನುವನು.

ಹರ್ಷಲನು ನಕ್ಕು ಮುಂದಿನ ಕೋಲನ್ನು ಎತ್ತಿಕೊಳ್ಳುವನು. ಮೀನು ಬೀಳುತ್ತಿತ್ತು; ಕುರ್ಚಿ ಭದ್ರವಾಗಿತ್ತು.

ಅಕ್ಟೋಬರಿನ ಕೊನೆಯ ಶನಿವಾರ ಎಲ್ಲವೂ ತಲೆಕೆಳಗಾಯಿತು. ಹಿಂದಿನ ದಿನ ಸೇತುವೆಯ ಮೇಲೆ ಗಾಳಿಯಿತ್ತು, ಮೋಡವಿತ್ತು. ಹರ್ಷಲನು ಅದಕ್ಕೆ ತಕ್ಕಂತೆ ಆರಿಸಿದ್ದ. ರಾತ್ರಿ ಚಳಿಗಾಳಿ ಬೀಸಿ ಹೋಯಿತು. ಬೆಳಗಾಗುವಾಗ ಆಕಾಶ ತೊಳೆದಿಟ್ಟಂತೆ, ನೀರು ಕನ್ನಡಿಯಂತೆ. ಹಿನ್ನೀರಿನ ಕೊನೆಯಲ್ಲಿ ಶ್ಯಾಡ್ ಮರಿಗಳು ಮಳೆಹನಿ ಬಿದ್ದಂತೆ ಪುಟಿಯುತ್ತಿದ್ದವು. ಆ ಕಾಲಕ್ಕೆ ಇರಬೇಕಾದ ಗಾತ್ರದವಲ್ಲ. ತಡವಾಗಿ ಹುಟ್ಟಿದ, ಉಗುರಿಗಿಂತ ಚಿಕ್ಕ ಮರಿಗಳು. ಬಾಸ್‌ಗಳು ಅವುಗಳ ನಡುವೆ ಬಾಯಿ ತೆರೆದು ಹಾಯುತ್ತಿದ್ದವು. ಇಬ್ಬರು ಎಸೆದ ಯಾವುದಕ್ಕೂ ಅವು ತಿರುಗಿ ನೋಡಲಿಲ್ಲ. ಹರ್ಷಲನ ಆರು ಕೋಲುಗಳೂ ಒಂದೊಂದಾಗಿ ಸೋತವು.

ಡ್ವೈಟನು ತನ್ನ ಪೆಟ್ಟಿಗೆಯ ತಳ ಕೆದಕಿ ಹೆಬ್ಬೆರಳ ಗಿಣ್ಣಿನಷ್ಟಿರುವ ಬಿಳಿಯ ಎರೆಯೊಂದನ್ನು ತೆಗೆದು ಕಟ್ಟಿದ. ಮೊದಲ ಎಸೆತಕ್ಕೇ ಒಂದು ಬಾಸ್ ಬಂತು. ಸ್ವಲ್ಪದರಲ್ಲೇ ಇನ್ನೊಂದು. ಆ ಎರಡನೆಯದು ದೋಣಿಯೊಳಗೆ ಕಕ್ಕಿದ ಮರಿಯನ್ನು ಹರ್ಷಲನು ಅಭ್ಯಾಸಬಲದಿಂದ ಎಡ ಅಂಗೈಯಲ್ಲಿ ಇಟ್ಟುಕೊಂಡ. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದ. ಡ್ವೈಟನು ವಾಡಿಕೆಯಂತೆ ಅಂಥದೇ ಇನ್ನೊಂದು ಎರೆಯನ್ನು ಹುಡುಕಿ ಅವನ ಮಡಿಲಿಗೆ ಎಸೆದ.

"ತಗೋ. ಕಟ್ಟು."

ಹರ್ಷಲನು ಆ ಪುಟ್ಟ ಎರೆಯನ್ನು ನೋಡಿದ. ಬೇಕಾಗಿದ್ದುದು ಅದೇ ಎಂದು ಅವನಿಗೆ ಡ್ವೈಟನಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಇರಲಿ ಬಿಡು. ನನ್ನದಕ್ಕೂ ಬೀಳತ್ತೆ."

ಡ್ವೈಟನಿಗೆ ಮೂರನೆಯದೂ ನಾಲ್ಕನೆಯದೂ ಬಿದ್ದವು. ಹರ್ಷಲನು ಬೆಳ್ಳಿಮೈಯ ದೊಡ್ಡ ಎರೆಯನ್ನೇ ಎಸೆದೆಸೆದು ಎಳೆಯುತ್ತಿದ್ದ. ಡ್ವೈಟನು ಕೋಲನ್ನು ಕೆಳಗಿಟ್ಟು ಹಿಂದೆ ತಿರುಗಿದ.

"ನಾನು ಹಿಡಿದಿದ್ದು ಕಾಣ್ಲಿಲ್ವಾ ನಿಂಗೆ?"

"ಕಂಡೆ."

"ಮತ್ತೆ?"

"ಇದರ ಮೇಲೆ ನಂಬಿಕೆ ಇದೆ ನಂಗೆ," ಎಂದ ಹರ್ಷಲ್.

ನಮ್ಮ ದೋಣಿಗಳಲ್ಲಿ ಅದಕ್ಕಿಂತ ಕೆಟ್ಟ ಉತ್ತರವಿಲ್ಲ. ಮಧ್ಯಾಹ್ನದ ಸ್ಯಾಂಡ್‌ವಿಚ್ಚನ್ನು ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ತಿಂದರು.

ಅಂದು ನಾನು ಮೋಝೆಲಳ ಅಂಗಡಿಯಲ್ಲೇ ಕಾಫಿ ಕುಡಿಯುತ್ತಿದ್ದೆ. ಡ್ವೈಟನು ಒಬ್ಬನೇ ಒಳಗೆ ಬಂದ. ಹಿಡಿದದ್ದೆಷ್ಟು ಎಂದು ಕೇಳಿದವರಿಗೆ ಉತ್ತರಿಸದೆ, ತನ್ನ ಜೊತೆಗಾರನಿಗೆ ತನ್ನ ಮೀನು ಮೀನಲ್ಲ, ತನ್ನ ಎರೆ ಎರೆಯಲ್ಲ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದ. ನವೆಂಬರಿನಲ್ಲಿ ನಮ್ಮ ಮೀನುಗಾರರ ಕೂಟದ ಜೋಡಿ ಪಂದ್ಯ ನಡೆಯುತ್ತದೆ. ವರ್ಷದ ಕೊನೆಯ ಪಂದ್ಯ ಅದು. ಇವರಿಬ್ಬರ ಹೆಸರು ಆ ಪಂದ್ಯದಲ್ಲಿ ಜೊತೆಯಾಗಿ ಇರದ ವರ್ಷ ಯಾರ ನೆನಪಿನಲ್ಲೂ ಇಲ್ಲ. ಡ್ವೈಟನು ಅಲ್ಲಿಯೇ ದಾರ ಕೊಳ್ಳುತ್ತಿದ್ದ ಟ್ರಾವಿಸ್ ಹಗಿನ್ಸನ ಕಡೆ ತಿರುಗಿ, ಪಂದ್ಯಕ್ಕೆ ನನ್ನ ದೋಣಿಗೆ ಬರುತ್ತೀಯಾ ಎಂದು ಕೇಳಿದ. ಟ್ರಾವಿಸನು ಒಪ್ಪಿಕೊಂಡ. ಅವರು ಕೈ ಕುಲುಕಿದರು.

ಈ ಸುದ್ದಿ ಮೋಝೆಲಳ ಫೋನಿನಲ್ಲಿ ಹರ್ಷಲನಿಗಿಂತ ಮುಂಚೆ ಅವನ ಮನೆ ತಲುಪಿತು. ಮುಂದೆ ನಡೆದದ್ದನ್ನು ವರ್ಲೀನಳೇ ನನಗೆ ಹೇಳಿದ್ದಾಳೆ. ಅವನು ಆರು ಕೋಲುಗಳನ್ನು ಗೋಡೆಗೆ ಆನಿಸಿ ಕುಳಿತುಕೊಂಡ. ಆಕೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ, ಇನ್ನಾದರೂ ಡ್ವೈಟನಿಗೆ ಹೇಳೆಂದಳು. ಅವನು ಲಾನಿಯ ಬಗ್ಗೆ ಡ್ವೈಟ್ ಆಡಿದ ಮಾತನ್ನು ಎತ್ತಿದ.

"ಅಂದಿರ್ತಾನೆ. ಬಸ್ಸಿಗಿದ್ದ ಬ್ರೇಕ್ ಅವನ ಬಾಯಿಗಿಲ್ಲ ಅಂತ ನೀನೇ ಹೇಳ್ತಿರಲಿಲ್ವಾ?" ಎಂದಳು ವರ್ಲೀನ್.

ಅವನು ಒಂದು ಕೋಲನ್ನು ಹತ್ತಿರ ಎಳೆದು ಆಕೆ ಕಟ್ಟಿದ ಗಂಟನ್ನು ನೋಡಿದ.

"ಗಂಟು ಕಟ್ಟೋಕೆ ನಂಗೇನೂ ಬೇಜಾರಿಲ್ಲ ಹರ್ಷಲ್. ಆದ್ರೆ ದೋಣೀಲಿ ನಾನು ಇರಲ್ವಲ್ಲ. ಅಲ್ಲಿರೋನು ಅವನು."

ಆ ವಾರ ಹರ್ಷಲನು ಬಹಳ ಪ್ರಾರ್ಥಿಸಿದನೆಂದು ಆಮೇಲೆ ನನ್ನೊಡನೆ ಹೇಳಿದ್ದುಂಟು. ಅವನು ಬೇಡಿದ್ದು ಇಷ್ಟೇ: ಒಂದು ಗಂಟು ಕಟ್ಟುವಷ್ಟು ಹೊತ್ತು ಈ ಕೈ ನಿಲ್ಲಲಿ. ದಿನವೂ ಬೆಳಿಗ್ಗೆ ಆ ಪುಟ್ಟ ಬಿಳಿಯ ಎರೆಯನ್ನು ಜೇಬಿನಿಂದ ತೆಗೆದು ಪ್ರಯತ್ನಿಸುವನು. ಗಾಳ ಬೆರಳಿಗೆ ಚುಚ್ಚುವುದು. ಮತ್ತೆ ಜೇಬಿಗೆ ಹಾಕುವನು. ದೇವರು ಕೈಯನ್ನು ನಿಲ್ಲಿಸಲಿಲ್ಲ, ಪ್ರಿಯರೇ. ಕಾಲನ್ನು ನಡೆಸಿದನು. ಗುರುವಾರ ಮಧ್ಯಾಹ್ನ ಹರ್ಷಲನು ಒಂದೇ ಒಂದು ಕೋಲನ್ನು ಹಿಡಿದುಕೊಂಡು ಡ್ವೈಟನ ಅಂಗಳಕ್ಕೆ ಹೋದ.

ಡ್ವೈಟನು ದೋಣಿ ಎಳೆಯುವ ಗಾಡಿಯ ಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದ. ಬಂದವನಾರೆಂದು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಹರ್ಷಲನು ಎರೆಯನ್ನು ಹೊರತೆಗೆದ.

"ಇದನ್ನ ಕಟ್ಟಿಕೊಡು ಡ್ವೈಟ್."

"ನಿನ್ನ ಗಂಟು ನೀನು ಕಟ್ಕೋ. ನಮ್ಮಲ್ಲಿ ಹಂಗೇ ಅಲ್ವಾ?"

"ಕಟ್ಕೊಳ್ಳೋಕೆ ಆಗಲ್ಲ ಕಣೋ. ಅದಕ್ಕೇ ಬಂದೆ."

ಹರ್ಷಲನು ಬಲಗೈಯನ್ನು ಚಾಚಿ ಎರೆಯನ್ನು ಅದರ ಮೇಲಿಟ್ಟ. ಅವನ ಅಂಗೈಯಲ್ಲಿ ಆ ಹುಸಿಮೀನು ಜೀವ ಬಂದಂತೆ ಅಲುಗುತ್ತಿತ್ತು. ಅದರ ಗಾಳಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಡ್ವೈಟನು ಎದ್ದುನಿಂತ. ಬಟ್ಟೆಯ ಚೂರಿನಿಂದ ಕೈಯ ಗ್ರೀಸು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಯಾವಾಗಿಂದ?"

"ಹೋದ ಚಳಿಗಾಲದಿಂದ."

"ಮತ್ತೆ ಆ ಆರು ಕೋಲು? ಅವನ್ಯಾರು ಕಟ್ಟಿದ್ದು?"

"ವರ್ಲೀನ್."

ಡ್ವೈಟನು ತಲೆಯಾಡಿಸಿದ. "ನೀನು ಗಂಟಿನ ತುದೀನ ಯಾವಾಗ್ಲೂ ಹಲ್ಲಲ್ಲಿ ಕಡೀತಿದ್ದೆ. ಈ ಸಲ ನೋಡಿದ್ರೆ ಕತ್ತರೀಲಿ ಕತ್ತರಿಸಿದ ಹಾಗೆ ನುಣ್ಣಗೆ. ನಿಂಗೆ ಹಲ್ಲೆಲ್ಲ ಬಿದ್ದೋಯ್ತು ಅಂದ್ಕೊಂಡಿದ್ದೆ ನಾನು. ಪಾಪ, ಕೇಳಬಾರದು ಅಂತ ಸುಮ್ನಿದ್ದೆ."

ಆಗ ಇಬ್ಬರೂ ನಗಲಿಲ್ಲ. ನಕ್ಕದ್ದು ಬಹಳ ದಿನಗಳ ಮೇಲೆ. ತನಗೇಕೆ ಹೇಳಲಿಲ್ಲವೆಂದು ಡ್ವೈಟನು ಕೇಳಿದ. ಹರ್ಷಲನು ಲಾನಿಯ ವಿಷಯ, ಬಕೆಟ್ಟಿನ ಮಾತು ಎಲ್ಲವನ್ನೂ ಹೇಳಿದ.

"ನಾನು ಹಂಗಂದ್ನಾ?"

"ಅಂದೆ. ಎಲ್ರೂ ನಕ್ರು. ನಾನೂ ನಕ್ಕೆ."

ಡ್ವೈಟನಿಗೆ ಆ ಮಾತು ನೆನಪೇ ಇರಲಿಲ್ಲ. ಅವನು ಗಾಡಿಯ ಅಂಚಿನ ಮೇಲೆ ಕುಳಿತುಕೊಂಡು ಎರೆಯನ್ನು ತೆಗೆದುಕೊಂಡ. ದಾರವನ್ನು ಬಳೆಯೊಳಗೆ ತೂರಿಸಿ, ಸುತ್ತಿ, ಉಗುಳಿನಿಂದ ಒದ್ದೆಮಾಡಿ ಬಿಗಿದ. ತುದಿಯನ್ನು ಹಲ್ಲಿನಿಂದ ಕಡಿದ. ಆಮೇಲೆ ಕೋಲನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು, "ಟ್ರಾವಿಸ್‌ಗೆ ಮಾತು ಕೊಟ್ಬಿಟ್ಟೆ ಕಣೋ," ಎಂದ.

"ಗೊತ್ತು. ಕೊಟ್ಟ ಮೇಲೆ ಅವನ ಜೊತೆ ಹೋಗು."

"ಅದರ ಮುಂದಿನ ಶನಿವಾರ?"

"ನಂಗೇನು ಕೆಲಸ? ಮನೇಲೇ ಇರ್ತೀನಿ."

"ಒಂದೇ ಕೋಲು ತಗೊಂಡು ಬಾ. ಆರು ತಂದ್ರೆ ದೋಣಿ ಹತ್ತಿಸಲ್ಲ."

ಹೀಗೆ ಆ ವರ್ಷದ ಪಂದ್ಯದಲ್ಲಿ ಡ್ವೈಟ್ ಕೇಗಲನ ಹಿಂದೆ ಕುಳಿತವನು ಟ್ರಾವಿಸ್ ಹಗಿನ್ಸ್. ವಸಂತದಲ್ಲೇ ಬಾಯಿಬಿಟ್ಟಿದ್ದರೆ ಆ ಬೆಳಿಗ್ಗೆಯೂ ಹರ್ಷಲನದಾಗಿರುತ್ತಿತ್ತು. ಬಾಯಿಬಿಡಲಿಲ್ಲ, ಕಳೆದುಕೊಂಡ. ಅದನ್ನು ಅವನೂ ಬಣ್ಣ ಹಚ್ಚದೆ ಒಪ್ಪಿಕೊಳ್ಳುತ್ತಿದ್ದ. ಆದರೆ ಹಿಂದಿನ ಸಂಜೆ ಅವನು ಸೇತುವೆಯ ಮೇಲೆ ನಿಂತು ನೋಡಿ ಬಂದು, ಪುಟ್ಟ ಎರೆಯನ್ನು ಇನ್ನು ಮರೆತುಬಿಡೆಂದು ಡ್ವೈಟನಿಗೆ ಹೇಳಿಕಳುಹಿಸಿದ. ದೊಡ್ಡ ಶ್ಯಾಡ್‌ಗಳು ಹಳ್ಳದ ಬಾಯಿಗೆ ಬಂದಿವೆ, ನಾಳೆ ದಕ್ಷಿಣದ ಗಾಳಿ ಏಳುತ್ತದೆ, ಗಾಳಿ ಬಡಿಯುವ ದಂಡೆಯಲ್ಲಿ ಬಿಳಿ ಕುಚ್ಚಿನ ತಗಡಿನ ಎರೆಯನ್ನೇ ಎಳೆ ಎಂದ. ಡ್ವೈಟನು ಹಾಗೆಯೇ ಮಾಡಿದ. ಟ್ರಾವಿಸನು ಮಾಡಲಿಲ್ಲ. ಅವರಿಗೆ ನಾಲ್ಕನೆಯ ಸ್ಥಾನ ಬಂದಿತು. ಹರ್ಷಲನು ದೋಣಿಗಳು ದಡ ಸೇರುವವರೆಗೆ ಕಾಫಿಯ ಫ್ಲಾಸ್ಕು ಹಿಡಿದುಕೊಂಡು ದಂಡೆಯಲ್ಲೇ ನಿಂತಿದ್ದ. ಬಲಗೈ ಜೇಬಿನ ಹೊರಗಿತ್ತು. ಕಂಡವರು ಕಂಡರು, ಕೇಳಿದವರಿಗೆ ಅವನು ಹೇಳಿದ.

ಮುಂದಿನ ಶನಿವಾರ ಅವನು ತನ್ನ ಕುರ್ಚಿಗೆ ಮರಳಿದ. ತನ್ನ ಗಂಟು ತಾನೇ ಕಟ್ಟಬೇಕೆಂಬ ವಾಡಿಕೆಯನ್ನು ಆ ದೋಣಿಯಲ್ಲಿ ಇಬ್ಬರೂ ಕೂಡಿ ಮುರಿದರು, ಎರೆ ಬದಲಾಯಿಸುವ ಇನ್ನೊಂದು ವಾಡಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ. ಗಂಟು ಡ್ವೈಟನದು, ಆಯ್ಕೆ ಹರ್ಷಲನದು. ತಾನು ಕಟ್ಟಬೇಕಾಗಿಲ್ಲವೆಂದು ಗೊತ್ತಾದ ಮೇಲೆ ಹರ್ಷಲನು ಮೊದಲಿಗಿಂತಲೂ ಹೆಚ್ಚು ಸಲ ಎರೆ ಬದಲಾಯಿಸತೊಡಗಿದ. ಇದೊಂದು ದೂರನ್ನು ಡ್ವೈಟನು ನನ್ನ ಬಳಿ ಎಷ್ಟು ಸಲ ತಂದನೋ.

"ಈಗಿನ್ನೂ ಕಟ್ಟಿದೀನಿ, ಎಂಜಲೇ ಆರಿಲ್ಲ, ಆಗಲೇ ಇದು ಬೇಡ ಅದು ಹಾಕು ಅಂತಾನೆ. ಬಸ್ಸಲ್ಲಿ ಮಕ್ಕಳೂ ಇಷ್ಟು ಗೋಳು ಹೊಯ್ಕೊಂಡಿರಲಿಲ್ಲ."

ದೂರು ಹೇಳುವಾಗ ಅವನ ಮುಖ ಬೆಳಗುತ್ತಿತ್ತು.

ಒಂದು ವಿಷಯ ಹೇಳುವುದನ್ನು ಮರೆತೆ. ಆ ಚಳಿಗಾಲ ಕಳೆದು ನೀರು ಬೆಚ್ಚಗಾದಾಗ ಡ್ವೈಟನು ಲಾನಿಯ ಮನೆಗೆ ಹೋದ. ಏನು ಮಾತಾಡಿದರೆಂದು ಇಬ್ಬರೂ ಯಾರಿಗೂ ಹೇಳಿಲ್ಲ. ನಾವು ನೋಡಿದ್ದು, ಲಾನಿಯನ್ನು ಇಬ್ಬರು ಮುದುಕರು ಎರಡು ಕಡೆ ಹಿಡಿದು ದೋಣಿಗೆ ಏರಿಸಿದ್ದನ್ನು. ಕುರ್ಚಿ ಎರಡೇ ಇದ್ದುದರಿಂದ ಅವನನ್ನು ನಡುವೆ ಮಗುಚಿದ ಬಕೆಟ್ಟಿನ ಮೇಲೆ ಕೂರಿಸಿದರು. ದಂಡೆಯಲ್ಲಿ ನಿಂತಿದ್ದ ಮೋಝೆಲಳು, ಈ ದೋಣಿ ಮುಳುಗಿದರೆ ನನ್ನ ವ್ಯಾಪಾರ ಅರ್ಧಕ್ಕರ್ಧ ಮುಳುಗುತ್ತದೆ ಎಂದಳು.

ಕೊನೆಯ ವರ್ಷಗಳಲ್ಲಿ ಹರ್ಷಲನಿಗೆ ಎಸೆಯುವುದಕ್ಕೂ ಆಗುತ್ತಿರಲಿಲ್ಲ. ಕೋಲಿಲ್ಲದೆ ಹಿಂದಿನ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂರುವನು. ಡ್ವೈಟನು ಮೊದಲ ಮೀನು ಹಿಡಿದೊಡನೆ ಅದು ಕಕ್ಕಿದ ಮರಿಯನ್ನು ಅವನ ಅಂಗೈಗೆ ಹಾಕುವನು. ಹರ್ಷಲನು ಕಣ್ಣು ಕಿರಿದು ಮಾಡಿ ನೋಡಿ ಪೆಟ್ಟಿಗೆಯೊಳಗೆ ಬೆರಳು ತೋರುವನು. ಎಲೆ ಉದುರುವ ಒಂದು ಕಾಲದಲ್ಲಿ, ಹಾಸಿಗೆಯಲ್ಲೇ, ಅವನು ಕರ್ತನ ಬಳಿಗೆ ಹೋದ. ಈಗ ಆ ಕುರ್ಚಿಯಲ್ಲಿ ಕೂರುವವನು ಟ್ರಾವಿಸ್. ಕೂರುವ ಮುಂಚೆ ಪ್ರತಿ ಸಲವೂ ಡ್ವೈಟನ ಮುಖ ನೋಡುತ್ತಾನೆ.

ಪ್ರಿಯರೇ, ನಮ್ಮನ್ನು ಸೃಷ್ಟಿಸಿದವನು ಯಾರ ಕೈಗೂ ಎಲ್ಲ ಗಂಟುಗಳನ್ನು ಕಟ್ಟುವ ಶಕ್ತಿಯನ್ನು ಕೊನೆಯವರೆಗೆ ಕೊಟ್ಟಿಲ್ಲ. ಕೊಟ್ಟಿದ್ದರೆ ನಾವು ಒಬ್ಬರ ಅಂಗಳಕ್ಕೆ ಒಬ್ಬರು ಹೋಗುತ್ತಲೇ ಇರಲಿಲ್ಲ. ನಡುಗುವ ಕೈ ಅವಮಾನವಲ್ಲ. ಅದನ್ನು ಬಚ್ಚಿಟ್ಟುಕೊಂಡು, ಸ್ನೇಹಿತನು ಕೊಟ್ಟದ್ದನ್ನು ಬೇಡವೆಂದು ಅವನನ್ನು ನೋಯಿಸುವುದೇ ನಷ್ಟ. ನಿಮ್ಮ ಜೇಬಿನಲ್ಲಿಯೂ ಅಂಥದ್ದೊಂದು ಇದ್ದೀತು: ನಿಮ್ಮಿಂದ ಈಗ ಆಗದ ಒಂದು ಕೆಲಸ, ಯಾರಿಗೂ ತೋರಿಸದ ಒಂದು ಬಲಹೀನತೆ. ಈ ವಾರ ಮುಗಿಯುವ ಮುಂಚೆ ಅದನ್ನು ಹೊರತೆಗೆಯಿರಿ. ನಿಮ್ಮ ದೋಣಿಯಲ್ಲಿ ಇರುವವರ ಬಳಿಗೆ ನಡೆದುಹೋಗಿ, ಕೈಯನ್ನು ಅದು ಇರುವ ಹಾಗೆಯೇ ಚಾಚಿ, ಇದನ್ನು ಕಟ್ಟಿಕೊಡು ಎಂದು ಕೇಳಿಕೊಳ್ಳಿರಿ.